ಬಾವಿಗಿಳಿದ ಹಳದಿ ವೈರು

ದೀಪ ಆರಿಸಬೇಡಿ, ಇರಲಿ. ಎಲ್ಲರದ್ದೂ ಊಟ ಆಯಿತು ತಾನೆ? ಆಗದವರು ಮೊದಲು ಮುಗಿಸಿ ಬನ್ನಿ. ಆಮೇಲೆ ತುತ್ತು ಇಳಿಯುವುದಿಲ್ಲ.

ಇದು ಹಲಸೂರಿನ ನಮ್ಮ ಎದುರು ಮನೆಯ ಶಾಂಭವಿಗೆ ಆದದ್ದು. ಅವಳು ಬಿ.ಎಸ್ಸಿ. ಓದಿದವಳು. ಆಫೀಸುಗಳಿಗೆ ಹೋಗಿ ಅಲ್ಲಿನ ಕಂಪ್ಯೂಟರ್ ನೆಟ್‌ವರ್ಕಿನ ನಕ್ಷೆ ಮಾಡಿಕೊಡುವುದು ಅವಳ ಕೆಲಸ. ಯಾವ ಯಂತ್ರ ಎಲ್ಲಿದೆ, ಯಾವ ವೈರು ಎಲ್ಲಿಗೆ ಹೋಗುತ್ತದೆ, ಇಷ್ಟೇ. ಕಣ್ಣಾರೆ ನೋಡದ್ದನ್ನು ಅವಳು ನಕ್ಷೆಯಲ್ಲಿ ಬರೆಯುವುದಿಲ್ಲ. ಅದಕ್ಕೇ ನಾನು ಅವಳ ಮಾತು ನಂಬಿದ್ದು.

ಆ ರಾತ್ರಿ ಅವಳು ಹೊರಮಾವಿನಲ್ಲಿ ಬಸ್ಸಿಳಿದಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಜೊತೆಗೆ ಮಾಹಿರಾ ಇದ್ದಳು, ಕಾಲೇಜಿನ ಗೆಳತಿ. ಕೋಲಾರದ ಹುಡುಗಿ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ, ಹೊರಮಾವಿನ ಒಂದು ಲೇಡೀಸ್ ಪೀಜಿಯಲ್ಲಿ ವಾಸ. ಪೀಜಿಗೆ ಹೋಗುವ ಓಣಿಯಲ್ಲಿ ಒಂದು ಆಲದ ಮರವಿದೆ. ಅದರ ಬುಡದಲ್ಲಿ, ಪೀಜಿಯ ಹಿಂಗೋಡೆಗೆ ಅಂಟಿಕೊಂಡಂತೆ, ಹಳೇ ಊರಬಾವಿ. ಹೊರಮಾವು ಹಳ್ಳಿಯಾಗಿದ್ದಾಗ ಎಲ್ಲರೂ ಕುಡಿದ ನೀರು ಅದು. ಈಗ ಮೇಲೆ ಕಾಂಕ್ರೀಟು ಹಾಕಿ, ನಡುವೆ ಒಂದು ಕಬ್ಬಿಣದ ಜಾಲರಿ ಬಿಟ್ಟಿದ್ದಾರೆ. ಪೀಜಿಯ ಬಚ್ಚಲ ನೀರು, ಮುಸುರೆ ನೀರು ಎಲ್ಲ ಒಂದು ಪೈಪಿನಲ್ಲಿ ಬಂದು ಅದರೊಳಕ್ಕೆ ಬೀಳುತ್ತದೆ.

ಗ್ಲಕ್... ಗ್ಲಕ್... ಗ್ಲಕ್...

ಹಳಸಿದ ಸಾರು, ಸೋಪಿನ ನೊರೆ, ಕೊಳೆತ ಅನ್ನ. ಎಲ್ಲ ಸೇರಿದ ಒಂದು ಬೆಚ್ಚನೆಯ ನಾತ. ಬೆಚ್ಚಗಿತ್ತು, ಅದೇ ಅಸಹ್ಯ. ಯಾರೋ ಮುಖದ ಹತ್ತಿರ ಬಂದು ಉಸಿರು ಬಿಟ್ಟ ಹಾಗೆ.

"ಇದರ ಪಕ್ಕ ಹೆಂಗೆ ಮಲಗ್ತೀಯ ಮಾಹಿರಾ?" ಶಾಂಭವಿ ಕೊಂಚ ಗಟ್ಟಿಯಾಗಿಯೇ ಕೇಳಿದಳು.

ಗ್ಲಕ್ ನಿಂತುಹೋಯಿತು.

"ಮೆಲ್ಲಗೆ..." ಮಾಹಿರಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡೇ ಪಿಸುಗುಟ್ಟಿದಳು. "ಇಲ್ಲಿ ಹೆಸರು ಹಿಡಿದು ಕರೀಬಾರ್ದಂತೆ. ಗೋವಿಂದಮ್ಮ ಬೈತಾರೆ."

ಎರಡು ಹೆಜ್ಜೆ ದಾಟಿದ ಮೇಲೆ ಅದು ಮತ್ತೆ ಶುರುವಾಯಿತು.

ಶಾಂಭವಿ ಅಲ್ಲಿಗೆ ಹೋಗಿದ್ದು ಯಾಕೆಂದರೆ, ಹಿಂದಿನ ದಿನ ಮಾಹಿರಾ ಸ್ನಾನಕ್ಕೆ ಹೋದಾಗ ಗೀಸರಿನ ಹಿಂದೆ ಗೋಡೆಯಲ್ಲಿ ಒಂದು ತೂತು ಕಂಡಿತ್ತು. ಒದ್ದೆ ಪೇಪರು ತುರುಕಿತ್ತು. ಕಿತ್ತು ನೋಡಿದರೆ ಒಳಗೆ ಹಳದಿ ವೈರು. ಪೀಜಿ ನಡೆಸುವ ಮುರಳಿಯನ್ನು ಕೇಳಿದ್ದಕ್ಕೆ, "ಪ್ಲಂಬಿಂಗ್‌ದು ಮೇಡಂ, ನಿಮ್ಗೆ ಅರ್ಥ ಆಗಲ್ಲ," ಎಂದು ಗುಟ್ಕಾ ಕೆಂಪಿನ ಹಲ್ಲು ತೋರಿಸಿದ್ದನಂತೆ.

"ಅಲ್ಲಿ ಕ್ಯಾಮೆರಾ ಇತ್ತಾ, ಇದೆಯಾ ನೋಡು," ಮಾಹಿರಾ ಹೇಳಿದಳು. "ಅದರಲ್ಲಿ ನಾನಿದ್ದೀನಾ... ಅಷ್ಟು ಗೊತ್ತಾದ್ರೆ ಸಾಕು. ಅದು ಗೊತ್ತಾಗೋವರ್ಗೂ ನನ್ನ ಮೈ ನಂಗೇ ಮುಟ್ಕೊಳ್ಳೋಕೆ ಆಗ್ತಿಲ್ಲ."

ಗೇಟು ತೆಗೆದವಳು ಗೋವಿಂದಮ್ಮ. ಅಡುಗೆಯೂ ಅವಳದೇ, ಬೀಗದ ಕೈಗಳೂ ಅವಳ ಹತ್ತಿರವೇ. ತಲೆ ನುಣ್ಣಗಿತ್ತು. ತಿರುಪತಿಯಲ್ಲಿ ಮುಡಿ ಕೊಟ್ಟವಳು, ಆಮೇಲೂ ಕೂದಲು ಬಿಟ್ಟಿರಲಿಲ್ಲ.

"ಸದ್ದು ಮಾಡ್ಬೇಡಿ, ಅವನು ಆಫೀಸ್ ರೂಮ್‌ನಲ್ಲಿ ಬಿದ್ಕೊಂಡವ್ನೆ," ಎಂದಳು. "ಮಧ್ಯಾಹ್ನ ತಟ್ಟೆ ಎಸೆದ. ಊಟದಲ್ಲಿ ಕೂದಲಂತೆ, ಮೊಳದುದ್ದ. ದಿನಾ ಇದೇ. ಈ ತಲೇಲಿ ಕೂದಲೆಲ್ಲೈತಪ್ಪಾ ಅಂದ್ರೆ ಕೇಳಲ್ಲ."

"ಬೇರೆಯವರ ತಟ್ಟೇಲಿ?" ಶಾಂಭವಿ ಕೇಳಿದಳು.

"ಯಾರ್ದ್ರಲ್ಲೂ ಇಲ್ಲ. ಅವನದ್ರಲ್ಲಿ ಮಾತ್ರ."

ಮಾಹಿರಾಳ ಕೋಣೆಯಲ್ಲಿ ಕೂತು ಶಾಂಭವಿ ಮೊದಲು ಪೀಜಿಯ ವೈಫೈಗೆ ಏನೇನು ಸೇರಿದೆ ಎಂದು ಫೋನಿನ ಆಪ್ ಒಂದರಲ್ಲಿ ನೋಡಿದಳು. ಹುಡುಗಿಯರ ಫೋನುಗಳು, ಹಾಲಿನ ಟಿವಿ, 'ಮುಟ್ಟಿದ್ರೆ ಸಾಯ್ತೀಯ' ಎಂದು ಹೆಸರಿಟ್ಟ ಯಾರದೋ ಲ್ಯಾಪ್‌ಟಾಪು. ಅಷ್ಟೇ. ಆಪಿಗೆ ತಾಳ್ಮೆ ಕಡಿಮೆ, ತಡವಾಗಿ ಉತ್ತರ ಕೊಡುವವರನ್ನು ಅದು ಕಾಯುವುದಿಲ್ಲ. ಕೆಲಸಕ್ಕೆ ಬಳಸುವ ಪ್ರೋಗ್ರಾಮನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು.

"ಇದೇನ್ ಮಾಡುತ್ತೆ?" ಬಾಗಿಲಲ್ಲಿ ನಿಂತ ಗೋವಿಂದಮ್ಮ ಕೇಳಿದಳು.

"ಪ್ರತಿ ವಿಳಾಸಕ್ಕೂ ಒಂದೊಂದು ಸಲ ಕರೆಯುತ್ತೆ. ಯಾರು ಓ ಅಂತಾರೋ ಅವರನ್ನ ಬರ್ಕೊಳ್ಳುತ್ತೆ."

ಗೋವಿಂದಮ್ಮನಿಗೆ ಅದು ಹಿಡಿಸಲಿಲ್ಲ. "ರಾತ್ರಿ ಹೊತ್ತು ಒಂದೇ ಸಲ ಕರ್ದು ಬಿಡೋದು ಮನುಷ್ಯರಲ್ಲ ತಾಯಿ. ಮೂರು ಸಲ ಕರೆಯೋವರ್ಗೂ ಓ ಅನ್ಬಾರ್ದು ಅಂತ ನಮ್ಮನೇಲಿ ಹೇಳ್ಕೊಟ್ಟವ್ರೆ. ನೀನು ಊರೆಲ್ಲಾ ಒಂದೊಂದ್ಸಲ ಕರೀತಿದ್ದೀಯ."

ಶಾಂಭವಿ ನಕ್ಕಳು. ಅಷ್ಟರಲ್ಲಿ ಕೊನೆಯ ಉತ್ತರ ಬಂತು. ತೀರಾ ನಿಧಾನವಾಗಿ, ಆಳದಿಂದ ಬಂದ ಹಾಗೆ. ಹೆಸರಿಲ್ಲ. ಆದರೆ ಪ್ರತಿ ಯಂತ್ರಕ್ಕೂ ತಯಾರಿಸಿದವರ ಗುರುತಿನ ಸಂಖ್ಯೆ ಇರುತ್ತದೆ. ಹುಡುಕಿದಳು. ಅಗ್ಗದ ಕ್ಯಾಮೆರಾ ಮಾಡುವ ಕಂಪನಿ.

ಮಾಹಿರಾಳ ಮುಖ ಬಿಳಚಿಕೊಂಡಿತು. "ತೆಗಿ."

ಪೆಟ್ಟಿಗೆಯ ಮೇಲೆ ಅಚ್ಚಾಗಿ ಬರುವ ಪಾಸ್‌ವರ್ಡನ್ನೇ ಬಿಟ್ಟಿದ್ದರು. ತೆರೆದುಕೊಂಡಿತು. ಕಂಡದ್ದು ಬಚ್ಚಲಲ್ಲ. ಮಾಡಿನಿಂದ ಕೆಳಕ್ಕೆ ನೋಡಿದ ಹಾಗೆ ಒಂದು ಮಂಚ. ಅದರ ಮೇಲೆ ಅಂಗಾತ ಬಿದ್ದ ಗಂಡಸು. ಬಾಯಿ ತೆರೆದಿತ್ತು. ತುಟಿಯ ಅಂಚಿನಿಂದ ಕೆಂಪು ಜೊಲ್ಲು ಇಳಿದು ದಿಂಬಿನಲ್ಲಿ ಒಂದು ತಟ್ಟೆಯಗಲ ಕಲೆ ಮಾಡಿತ್ತು. ನಿದ್ದೆಯಲ್ಲೇ ತೊಡೆ ಕೆರೆದುಕೊಂಡ... ಪರ್‌... ಪರ್‌... ಲ್ಯಾಪ್‌ಟಾಪಿನಲ್ಲಿ ಆ ಸದ್ದೂ ಕೇಳಿಸಿತು.

"ಮುರಳಿ," ಎಂದಳು ಮಾಹಿರಾ. "ಥೂ. ತನ್ನ ಮೇಲೇ ಇಟ್ಕೊಂಡಿದ್ದಾನಾ?"

ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿತ್ತು. ಗೋವಿಂದಮ್ಮ ಬೀಗ ತೆಗೆದಳು. ಜಿರಲೆಗಳು ಸರಸರ ಸರಿದವು. ಪ್ರೋಗ್ರಾಮು ಬರೆದ ನಕ್ಷೆಯ ಪ್ರಕಾರ ಆ ಕ್ಯಾಮೆರಾದ ವೈರು ಪೆಟ್ಟಿಗೆಯ ಕೊನೆಯ ತೂತಿನಲ್ಲಿರಬೇಕು. ಎಲ್ಲ ವೈರುಗಳೂ ನೀಲಿ, ಅದೊಂದು ಹಳದಿ. ಶಾಂಭವಿ ಅದನ್ನು ಹಿಡಿದೆಳೆದಳು. ಟಿಕ್.

ಲ್ಯಾಪ್‌ಟಾಪಿನಲ್ಲಿ ಮುರಳಿಯ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು.

"ಕಿತ್ರೂ ಬರ್ತಿದೆಯಲ್ಲೇ..."

"ವೈಫೈಗೂ ಸೇರಿಸಿರ್ತಾನೆ ಬಿಡು."

ನಕ್ಷೆ ಮಾತ್ರ ಇನ್ನೂ ಆ ಖಾಲಿ ತೂತನ್ನೇ ತೋರಿಸುತ್ತಿತ್ತು. ಹಳೇ ದಾಖಲೆ ಅಳಿಸಿಹೋಗಲು ಸ್ವಲ್ಪ ಹೊತ್ತು ಬೇಕು ಎಂದುಕೊಂಡಳು ಶಾಂಭವಿ. ಆ ಕೆಲಸ ಮಾಡುವವರು ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅಲ್ಲಿಗೇ ಲ್ಯಾಪ್‌ಟಾಪು ಮುಚ್ಚಿ ಎದ್ದು ಬಂದಿದ್ದರೆ... ಇರಲಿ.

ವೈರು ಹುಡುಕಲು ಅವಳ ಹತ್ತಿರ ಎರಡು ತುಂಡಿನ ಒಂದು ಸಾಧನವಿದೆ. ಒಂದನ್ನು ವೈರಿನ ತುದಿಗೆ ಕಚ್ಚಿಸಬೇಕು. ಇನ್ನೊಂದು ದಪ್ಪ ಪೆನ್ನಿನ ಹಾಗಿರುತ್ತದೆ. ಅದನ್ನು ಗೋಡೆಗೆ ಹಿಡಿದು ನಡೆದರೆ, ಒಳಗೆ ಆ ವೈರು ಹಾದ ಕಡೆಯೆಲ್ಲ ಕೂಗುತ್ತದೆ.

ಕುಂಯ್ಯ್... ಕುಂಯ್ಯ್... ಕುಂಯ್ಯ್...

ಸದ್ದು ಮುರಳಿಯ ಕೋಣೆಯ ಕಡೆ ಹೋಗಲಿಲ್ಲ. ಮೆಟ್ಟಿಲು ಹತ್ತಿತು. ಬಚ್ಚಲಿಗೆ ಹೊಕ್ಕಿತು. ಗೀಸರಿನ ಹಿಂದಿನ ತೂತಿನ ಹತ್ತಿರ, ಟೈಲ್ಸಿನ ಮೇಲೆ, ದುಂಡಗೆ ಒಂದು ಬಿಳಿ ಗುರುತು. ಏನೋ ಬಹಳ ಕಾಲ ಅಂಟಿಕೊಂಡಿದ್ದು ಕಿತ್ತುಬಂದ ಗುರುತು. ಅಲ್ಲಿಂದ ನೋಡಿದರೆ ಬಕೆಟ್ಟು ಇಡುವ ಜಾಗ ನೇರವಾಗಿ ಕಾಣುತ್ತಿತ್ತು.

"ಇಲ್ಲೇ ಇತ್ತು," ಎಂದಳು ಶಾಂಭವಿ.

ಮಾಹಿರಾ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೋಡಿದಳು. ವಾಂತಿ ಮಾಡಿಕೊಂಡಳು. ಮುಖ ತೊಳೆಯಲು ಆ ಬಚ್ಚಲಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ತೂತಿನಾಚೆ ವೈರು ಹೊರಗೋಡೆಯ ಪೈಪಿನ ಗುಂಟ ಇಳಿದಿತ್ತು. ಮೂವರೂ ಹಿಂದಿನ ಬಾಗಿಲು ತೆಗೆದು ಹೊರಬಂದರು. ದೂರ ಹೋದಷ್ಟೂ ಕುಗ್ಗಬೇಕಾದ ಸದ್ದು ಏರುತ್ತಾ ಹೋಯಿತು. ಆಲದ ಬುಡದಲ್ಲಿ, ಪೆನ್ನು ಚಾಚುವ ಮೊದಲೇ ಕಿರುಚಿತು. ಹಳದಿ ವೈರು ಜಾಲರಿಯೊಳಕ್ಕೆ ಇಳಿದಿತ್ತು.

ಗೋವಿಂದಮ್ಮ ಕಬ್ಬಿಣದ ಸರಳಿನಿಂದ ಜಾಲರಿ ಎಬ್ಬಿಸಿದಳು. ಶಾಂಭವಿ ವೈರು ಎಳೆದಳು. ಸುಲಭವಾಗಿ ಬಂತು. ಮೊದಲು ಬೂದು ಲೋಳೆ. ಅದರಲ್ಲಿ ಅನ್ನದ ಅಗುಳು, ಅಗುಳಿನ ನಡುವೆ ಬಿಳಿ ಹುಳ. ಆಮೇಲೆ ಕೂದಲು. ವೈರಿನ ಸುತ್ತ ಕಪ್ಪು ಕೂದಲು, ಉದ್ದಕ್ಕೂ. ಬಚ್ಚಲ ಕೂದಲು ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತದೆ. ಇದು ಹಾಗಿರಲಿಲ್ಲ. ಮೂರು ಎಳೆ ಮಾಡಿ ಹೆಣೆದಿತ್ತು... ಜಡೆ.

ತುದಿಯಲ್ಲಿ ಕ್ಯಾಮೆರಾ ಇರಲಿಲ್ಲ. ಹರಿದ ತಾಮ್ರ, ಅಷ್ಟೇ.

ಆ ನಾತದ ನಡುವೆ ಇನ್ನೊಂದು ವಾಸನೆ ಎದ್ದಿತು. ಕೊಬ್ಬರಿ ಎಣ್ಣೆ. ಹಸನಾದದ್ದು, ಈಗ ತಾನೆ ತಲೆಗೆ ಹಚ್ಚಿದ ಹಾಗೆ.

ಗೋವಿಂದಮ್ಮ ನೆಲಕ್ಕೆ ಕುಕ್ಕರಿಸಿದಳು. "ನಾನೇ ಹಚ್ತಿದ್ದೆ. ಭಾನುವಾರ ಭಾನುವಾರ."

"ಯಾರಿಗೆ?"

"ಭಾಗ್ಯಲಕ್ಷ್ಮಿಗೆ. ಮಾಹಿರಾ ಮಲಗೋ ಮಂಚದಲ್ಲಿ ಮುಂಚೆ ಅವಳಿದ್ಲು. ಆಗ ಈ ಬಾವಿಗೆ ಕಾಂಕ್ರೀಟು ಹಾಕಿರ್ಲಿಲ್ಲ. ರಾತ್ರೋರಾತ್ರಿ ಊರಿಗೆ ಹೋದ್ಲು ಅಂದ ಇವನು. ಅಣ್ಣ ಹುಡುಕ್ಕೊಂಡು ಬಂದಾಗ್ಲೂ ಹಂಗೇ ಅಂದ."

ಶಾಂಭವಿ ಬಾವಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದಳು. ವೈರಿನ ಹರಿದ ತುದಿ ಅವಳ ಕೈಯಲ್ಲೇ ಇತ್ತು, ಇನ್ನೊಂದು ತುದಿ ಪೆಟ್ಟಿಗೆಯಿಂದ ಕಿತ್ತದ್ದು. ತೆರೆಯ ಮೇಲೆ ಮುರಳಿ ಇನ್ನೂ ಮಲಗಿದ್ದ. ಗೊರ್‌... ಗೊರ್‌...

ಆಗ ಆ ಲ್ಯಾಪ್‌ಟಾಪಿನಿಂದ ಒಂದು ದನಿ ಬಂತು. ಹೆಣ್ಣು ದನಿ. ಬಾಯಿ ತುಂಬ ನೀರಿಟ್ಟುಕೊಂಡು ಮಾತಾಡಿದ ಹಾಗೆ.

"ಮುರಳಿ."

ಒಂದೇ ಸಲ.

ಅವನ ಕಣ್ಣು ತೆರೆಯಿತು. ನೇರವಾಗಿ ಇವರನ್ನೇ ನೋಡಿದ.

"ಓ..."

ಲ್ಯಾಪ್‌ಟಾಪಿನಲ್ಲೂ ಕೇಳಿಸಿತು. ಮನೆಯೊಳಗಿಂದಲೂ ಕೇಳಿಸಿತು.

"ಅಂದ್ಬಿಟ್ಟ," ಎಂದಳು ಗೋವಿಂದಮ್ಮ, ತೀರಾ ಮೆಲ್ಲಗೆ.

ಚಿಲಕದ ಸದ್ದು. ಬರಿಗಾಲ ಸದ್ದು... ತಪ್... ತಪ್... ಒದ್ದೆ ನೆಲದ ಮೇಲೆ ನಡೆದ ಹಾಗೆ. ಅವತ್ತು ನೆಲ ಒಣಗಿತ್ತು. ಮುರಳಿ ಲುಂಗಿಯಲ್ಲಿ ಬಂದ. ಮೂವರು ನಿಂತದ್ದು ಅವನಿಗೆ ಕಾಣಲಿಲ್ಲ. ಬಾವಿಯ ಬಾಯಿಗೆ ಕುಕ್ಕರಗಾಲಲ್ಲಿ ಕೂತ. ಕೆಮ್ಮಿದ. ಗಂಟಲಿಗೆ ಎರಡು ಬೆರಳು ಹಾಕಿದ. ಎಳೆದ... ಎಳೆಯುತ್ತಲೇ ಇದ್ದ. ಉದ್ದನೆಯ ಒಂದು ಕೂದಲು, ಎಂಜಲು ಸೋರುತ್ತಾ ಹೊರಬಂತು. ಅದನ್ನು ಲುಂಗಿಗೆ ಒರೆಸಿಕೊಂಡು, ದಿನಾ ಮಾಡುವವನ ಹಾಗೆ ಮಾತಿಗೆ ಶುರು ಮಾಡಿದ.

"ಕ್ಯಾಮೆರಾ ಕೊಡು ಅಂದೆ, ಅಷ್ಟೇ ಕಣೇ. ಕಿತ್ಕೊಂಡು ಬಂದೋಳು ನೀನು. ಎಸೆದೋಳು ನೀನು. ನಾನು ತಳ್ಳಿದ್ದು... ಅದು ಕೋಪಕ್ಕೆ." ಮೂಗು ಸೀಟಿದ. "ಅವತ್ತಿಂದ ಒಂದು ಕ್ಯಾಮೆರಾನೂ ಹಾಕಿಲ್ಲ. ನಿನ್ನ ಆಣೆ. ಇನ್ನೂ ಯಾಕೆ ನೋಡ್ತೀಯ?"

ಮಾಹಿರಾ ಫೋನು ಹಿಡಿದಿದ್ದಳು. ಕೆಂಪು ಚುಕ್ಕೆ ಉರಿಯುತ್ತಿತ್ತು. ರೆಕಾರ್ಡ್ ಆಗುತ್ತಿತ್ತು.

ಗೋವಿಂದಮ್ಮ ಅವನ ಪಕ್ಕಕ್ಕೆ ಹೋಗಿ ಬಗ್ಗಿದಳು. ತಟ್ಟೆಗೆ ಬಡಿಸುವಾಗ ಕೇಳುವ ದನಿಯಲ್ಲೇ ಕೇಳಿದಳು.

"ಸರ್ಯಾಗಿ ಕೇಳಿಸ್ಲಿಲ್ಲ ಮುರಳಿ. ಇನ್ನೊಂದ್ಸಲ ಹೇಳಪ್ಪ."

ಅವನು ಇನ್ನೊಂದು ಸಲ ಹೇಳಿದ. ಮೊದಲಿಂದ.

ಬೆಳಗಾಗುವುದರೊಳಗೆ ಪೊಲೀಸರು ಬಂದರು. ಕಾಂಕ್ರೀಟು ಒಡೆದು, ಟ್ಯಾಂಕರು ತರಿಸಿ ಬಾವಿ ಖಾಲಿ ಮಾಡಿಸಿದರು. ಕ್ಯಾಮೆರಾ ತಳದ ಕೆಸರಿನಲ್ಲಿ ಸಿಕ್ಕಿತು. ಗಾಜಿನ ಒಳಗೂ ಲೋಳೆ ತುಂಬಿತ್ತು. ಅದರ ಜೊತೆ ಇನ್ನೇನು ಸಿಕ್ಕಿತು ಎಂದು ಶಾಂಭವಿ ನನಗೂ ಹೇಳಲಿಲ್ಲ. ಭಾಗ್ಯಲಕ್ಷ್ಮಿಯ ಅಣ್ಣ ಬಂದು ತೆಗೆದುಕೊಂಡು ಹೋದ, ಅಷ್ಟು ಹೇಳಿದಳು.

ಮುರಳಿಯ ಕೋಣೆಯ ಮಾಡನ್ನೂ ಪೊಲೀಸರು ತಟ್ಟಿ ತಟ್ಟಿ ನೋಡಿದರು. ವೈರಿಲ್ಲ. ತೂತಿಲ್ಲ. ಒಂದು ಮೊಳೆಯ ಗುರುತೂ ಇಲ್ಲ.

ಮಾಹಿರಾ ಆ ಕ್ಯಾಮೆರಾದಲ್ಲಿ ಇರಲಿಲ್ಲ. ಇರುವುದು ಸಾಧ್ಯವೇ ಇರಲಿಲ್ಲ, ಅವಳು ಆ ಪೀಜಿಗೆ ಬರುವ ಮೊದಲೇ ಭಾಗ್ಯಲಕ್ಷ್ಮಿ ಅದನ್ನು ಕಿತ್ತಿದ್ದಳಲ್ಲ. ಅದನ್ನು ತಿಳಿದಾಗ ಮಾಹಿರಾ ಅತ್ತದ್ದು ತನಗಾಗಿ ಅಲ್ಲ ಎಂದು ಶಾಂಭವಿ ಹೇಳುತ್ತಾಳೆ. ಈಗ ಫ್ರೇಜರ್ ಟೌನಿನಲ್ಲಿದ್ದಾಳೆ, ಲ್ಯಾಬಿನ ಗೆಳತಿಯರ ಜೊತೆ ಬಾಡಿಗೆಗೆ. ಇವತ್ತಿಗೂ ದೀಪ ಆರಿಸಿಯೇ ಸ್ನಾನ ಮಾಡುತ್ತಾಳಂತೆ.

ನಾನು ಸೇರಿಸಿ ಹೇಳುವವನಲ್ಲ, ನಿಮಗೆ ಗೊತ್ತು. ಸಂಶಯವಿದ್ದರೆ ಎದುರು ಮನೆಯಲ್ಲೇ ಇದ್ದಾಳೆ, ಬೆಳಿಗ್ಗೆ ಕೇಳಿ.

ಹೋದ ವಾರ ಸಾಕ್ಷಿ ಹೇಳಲು ಶಾಂಭವಿ ಕೋರ್ಟಿಗೆ ಹೋಗಿದ್ದಳು. ಅಲ್ಲಿ ಮುರಳಿಯ ವಕೀಲರು ಜಡ್ಜಿಗೆ ಒಂದು ಅರ್ಜಿ ಕೊಟ್ಟರು. ಜೈಲಿನ ಊಟ ಅವನಿಗೆ ತಿನ್ನಲು ಆಗುತ್ತಿಲ್ಲವಂತೆ, ಮನೆಯೂಟಕ್ಕೆ ಅನುಮತಿ ಬೇಕಂತೆ. ಅಲ್ಲಿ ಅಡುಗೆ ಮಾಡುವವರೂ ಬಡಿಸುವವರೂ ಗಂಡಸರೇ, ಎಲ್ಲರ ಕೂದಲೂ ಬೋಳಿಸಿದ ಹಾಗೆ ಕತ್ತರಿಸಿರುತ್ತದೆ. ತಟ್ಟೆಯಲ್ಲಿ ಸಿಕ್ಕಿದ್ದನ್ನು ವಕೀಲರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಗುಮಾಸ್ತ ಅದನ್ನು ತೆರೆದು ಮೇಜಿನ ಮೇಲಿಟ್ಟ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಶಾಂಭವಿಯವರೆಗೂ ಕೊಬ್ಬರಿ ಎಣ್ಣೆಯ ವಾಸನೆ ಬಂತಂತೆ.