ಹಿಟ್ಟಿನ ಡಬ್ಬಿಯಲ್ಲಿ ಬಂದ ಮೀನು

ಬಾಗಿಲ ಹತ್ತಿರ ನಿಂತ ತಾಯಂದಿರು ಒಳಗೆ ಬನ್ನಿ, ಈ ಕಂಬದ ಬದಿಗೆ ಇನ್ನೂ ಜಾಗವಿದೆ. ಚಪ್ಪಲಿಯ ಚಿಂತೆ ಬಿಡಿ, ಹೋದರೆ ಮಠದವರು ಕೊಡಿಸುತ್ತಾರೆ. ಹಾಂ, ಈಗ ಕೇಳಿ.

ನಿನ್ನೆಯ ಪ್ರವಚನದಲ್ಲಿ ದಾಸೋಹದ ಮಾತು ಅರ್ಧಕ್ಕೆ ನಿಂತಿತ್ತು. ಕೊಡಬೇಕು, ಕೊಡಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಎಷ್ಟೋ ಊರಲ್ಲಿ ಹೇಳಿದ್ದೇನೆ. ತೆಗೆದುಕೊಳ್ಳುವುದು ಹೇಗೆಂದು ಯಾರಾದರೂ ಹೇಳಿದ್ದಾರೆಯೇ? ಕೊಡುವವನೂ ತೆಗೆದುಕೊಳ್ಳಲು ಕಲಿಯಬೇಕು ಎಂದರೆ ನಿಮಗೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ಕತೆ ಮುಗಿದ ಮೇಲೆ ನೋಡೋಣ.

ಸಮುದ್ರದಾಚೆ ಆಫ್ರಿಕಾದಲ್ಲಿ ಒಂದು ಊರು. ಊರಿಗೆ ಹತ್ತಿಕೊಂಡೇ ಒಂದು ಸರೋವರ, ಆಚೆಯ ದಂಡೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ದೊಡ್ಡದು. ಆ ಊರಲ್ಲಿ ನಮ್ಮ ಕಡೆಯವನೇ ಒಬ್ಬ ಸಾಹುಕಾರನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅಡ್ಡಹೆಸರು ಕೇಳುತ್ತೀರಿ, ಆಮೇಲೆ ಯಾವೂರು ಅನ್ನುತ್ತೀರಿ, ಆಮೇಲೆ ಯಾರ ಪೈಕಿ ಅನ್ನುತ್ತೀರಿ, ಕತೆ ಅಲ್ಲೇ ಕೂತುಬಿಡುತ್ತದೆ. ಸಾಹುಕಾರ ಎಂದರೆ ಸಾಕು.

ಹರೆಯದಲ್ಲಿ ಹೋದವನು ಮಂದಿಯ ಗಿರಣಿಯಲ್ಲಿ ಚೀಲ ಹೊತ್ತು, ಕಡೆಗೆ ತನ್ನದೇ ಒಂದು ಹಿಟ್ಟಿನ ಗಿರಣಿ ಹಾಕಿದ. ಅಲ್ಲಿಯ ಜನ ಗೋವಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ತಿರುವಿ, ಗಟ್ಟಿ ಮುದ್ದೆ ಮಾಡಿ ಉಣ್ಣುತ್ತಾರೆ. ಗಿರಣಿಗೆ ಕೆಲಸ ತಪ್ಪಲಿಲ್ಲ. ಮದುವೆಯಾದ, ಹೆಂಡತಿಯನ್ನು ಕರೆದೊಯ್ದ, ತಂದೆ ತೀರಿದ ಮೇಲೆ ತಾಯಿಯನ್ನೂ ಕರೆಸಿಕೊಂಡ. ಒಳ್ಳೆಯವನು, ನೋಡಿ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ಇದರ ತೊಂದರೆ.

ಆ ಊರಿನ ಸುತ್ತ, ಮಗ ಸೊಸೆಯನ್ನು ಕಾಯಿಲೆಗೆ ಕೊಟ್ಟು ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರು ಬಹಳ. ಅದನ್ನು ಕಂಡು ನಮ್ಮ ಕನ್ನಡದವರು, ಅಂಗಡಿಯ ಗುಜರಾತಿಗಳು, ಅಲ್ಲಿಯ ಶಾಲೆಯ ಮಾಸ್ತರರು ಎಲ್ಲ ಕೂಡಿ ಒಂದು ಸಂಘ ಕಟ್ಟಿದರು. ತಿಂಗಳ ಮೊದಲ ರವಿವಾರ ಗಿರಣಿಯ ಅಂಗಳದಲ್ಲಿ ಒಂದೊಂದು ಮನೆಗೆ ಒಂದೊಂದು ಡಬ್ಬಿ ಹಿಟ್ಟು. ತಗಡಿನ ಡಬ್ಬಿ, ಮೇಲೆ ಬಿಗಿ ಮುಚ್ಚಳ. ಹೋದ ತಿಂಗಳ ಡಬ್ಬಿ ತಂದಿಡಬೇಕು, ತುಂಬಿದ ಡಬ್ಬಿ ಒಯ್ಯಬೇಕು. ಇಷ್ಟೇ ಕಟ್ಟಳೆ.

ಎರಡನೆಯ ತಿಂಗಳು ಹಳೆಯ ಡಬ್ಬಿಗಳು ಬಂದವು. ಸಾಹುಕಾರನ ತಾಯಿ ಒಂದರ ಮುಚ್ಚಳ ತೆಗೆದಳು. ಒಳಗೆ ಎರಡು ಬಾಳೆಹಣ್ಣು. ಇನ್ನೊಂದು ತೆಗೆದಳು, ಒಂದು ಹಿಡಿ ಶೇಂಗಾ. ಮತ್ತೊಂದರಲ್ಲಿ ಗೆಣಸು, ಇನ್ನೂ ಮಣ್ಣು ಅಂಟಿದ ಗೆಣಸು. ಒಂದೇ ಒಂದು ಡಬ್ಬಿಯೂ ಬರಿದಾಗಿ ಬಂದಿರಲಿಲ್ಲ. ಮುದುಕಿ ಕೂಸಿನ ಹಾಗೆ ಒಂದೊಂದೇ ಮುಚ್ಚಳ ತೆಗೆಯುತ್ತ ಹೋದಳು. ಕಡೆಯ ಡಬ್ಬಿಯಲ್ಲಿ ಒಂದು ಬೊಗಸೆ ಜೋಳವಿತ್ತು. ನಮ್ಮ ಜೋಳವೇ. ಅಲ್ಲಿಯೂ ಬೆಳೆಯುತ್ತಾರೆ, ಕಾಳು ಸ್ವಲ್ಪ ಕೆಂಪು, ಅಷ್ಟೇ.

ಮುದುಕಿ ಅದನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿದಳು. ಆಮೇಲೆ ಬೀಸಿಸಿ, ಕಾದ ನೀರು ಹಾಕಿ ನಾದಿ, ಅಂಗೈಯಗಲದ ಎರಡು ರೊಟ್ಟಿ ಬಡಿದಳು. ಒಂದು ತಾನು ತಿಂದಳು, ಒಂದು ಮಗನಿಗೆ ಕೊಟ್ಟಳು. ಮಗ ತಿನ್ನುತ್ತ, "ಯವ್ವಾ, ಇದರ ವಾಸನಿ ನಮ್ಮ ಹಳೇ ಅಡಗಿ ಮನಿದೈತಿ" ಅಂದ. "ಸುಮ್ನ ತಿನ್ನು, ಮಾತಾಡಿದ್ರ ಮುಗದು ಹೋಗತೈತಿ" ಅಂದಳು ತಾಯಿ.

ಜೋಳ ಕಳಿಸಿದಾಕೆಯ ಹೆಸರು ಅಕೆಲೊ. ಈ ಹೆಸರನ್ನು ಮಾತ್ರ ನೆನಪಿಡಿ. ಮೂರು ಮೊಮ್ಮಕ್ಕಳ ಅಜ್ಜಿ. ಅಂದಿನಿಂದ ಪ್ರತಿ ತಿಂಗಳೂ ಡಬ್ಬಿ ತೆಗೆದುಕೊಂಡವಳು ಓಡಿಹೋಗದೆ ಅಂಗಳದ ಮರದ ಕೆಳಗೆ ಸಾಹುಕಾರನ ತಾಯಿಯ ಪಕ್ಕ ಕೂಡುವಳು. ಅವಳ ಭಾಷೆ ಇವಳಿಗೆ ಬಾರದು, ಇವಳದು ಅವಳಿಗೆ ಬಾರದು. ಇಬ್ಬರೂ ಮೊರ ಹಿಡಿದು ಕಾಳು ಹಸನು ಮಾಡುವರು. ಕೇರುವ ಸಪ್ಪಳ ಇಬ್ಬರದೂ ಒಂದೇ. ಇವಳು ಮೊಣಕಾಲು ತೋರಿಸಿ ಮುಖ ಹಿಂಡುವಳು, ಅವಳು ಸೊಂಟ ತೋರಿಸಿ ಮುಖ ಹಿಂಡುವಳು. ಅಷ್ಟರಲ್ಲೇ ಊರಿನ ಸುದ್ದಿಯೆಲ್ಲ ಆಗಿಬಿಡುತ್ತಿತ್ತು.

ಹೀಗೆ ಒಂದು ವರ್ಷ ನಡೆಯಿತು. ಮರುವರ್ಷ ಅಕೆಲೊಳ ಜೋಳ ಕೈಗೆ ಹತ್ತಲಿಲ್ಲ. ಡಬ್ಬಿ ಕೊಡುವ ದಿನ ಬಂತು. ಬಾಳೆ ಇಲ್ಲ, ಶೇಂಗಾ ಇಲ್ಲ. ಏನು ಮಾಡಿಯಾಳು? ದಂಡೆಗೆ ಹೋಗಿ, ಮೀನು ಒಣಗಿಸುವ ಹೆಂಗಸರ ಜೊತೆ ಇಡೀ ದಿನ ಬಿಸಿಲಲ್ಲಿ ಮೀನು ಹರವಿದಳು. ಕೂಲಿ ಎಂದು ಒಂದು ಬೊಗಸೆ ಒಣಮೀನು ಸಿಕ್ಕಿತು. ಬೆರಳುದ್ದದ ಸಣ್ಣ ಮೀನು. ಅದನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಗಿರಣಿಯಲ್ಲಿ ತಂದಿಟ್ಟು, ತುಂಬಿದ ಡಬ್ಬಿ ಒಯ್ದಳು.

ಅಂದು ಮುದುಕಿಗೆ ನೆಗಡಿ ಜ್ವರ. ಮುಚ್ಚಳ ತೆಗೆಯಲು ಕೂತವಳು ಸಾಹುಕಾರನ ಹೆಂಡತಿ. ಮೂರು ತಲೆಮಾರಿನಿಂದ ಮೀನು ಮಾಂಸ ಮುಟ್ಟದ ಮನೆ. ಡಬ್ಬಿ ತೆಗೆದಳು. ನಗಬೇಡಿರೋ. ಈ ಸಭೆಯಲ್ಲಿ ತಿನ್ನುವವರೂ ಇದ್ದೀರಿ, ತಿನ್ನದವರೂ ಇದ್ದೀರಿ, ಒಬ್ಬರ ಮುಖ ಒಬ್ಬರು ನೋಡಬೇಡಿ.

"ಶಿವನಾ, ಹಿಟ್ಟಿನ ಡಬ್ಬಿ ಇದು. ಇದರಾಗ ಮೀನ ಹಾಕ್ಯಾರಲ್ರೀ" ಎಂದು ಗಂಡನನ್ನು ಕರೆದಳು. ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದಳು, ಎರಡು ದಿನ ಬಿಸಿಲಿಗಿಟ್ಟಳು. ವಾಸನೆ ಹೋಯಿತೋ ಇಲ್ಲವೋ ಎಂದು ಗಂಡನ ಮೂಗಿಗೆ ಹಿಡಿದಳು. ಅವನು ಯೋಚಿಸಿ ಹೇಳಿದ: "ಇನ್ನ ಡಬ್ಬಿನ ಬ್ಯಾಡ. ಕಾಗದದ ಚೀಲದಾಗ ಕೊಡೋಣು. ಅವರಿಗೂ ತ್ರಾಸ ತಪ್ಪತೈತಿ. ತಮಗ ಉಣ್ಣಾಕ ಇಲ್ಲ, ನಮಗ್ಯಾಕ ಕಳಸಬೇಕು ಅವರು? ಒಯ್ಯಲಿ, ಉಣ್ಣಲಿ, ಚೀಲ ಒಗದು ಬಿಡಲಿ."

ತಪ್ಪೇನು ಹೇಳಿ ಇದರಲ್ಲಿ? ನಾನಾದರೂ ಹಾಗೇ ಅನ್ನುತ್ತಿದ್ದೆ. ನೀವೂ ಅನ್ನುತ್ತಿದ್ದಿರಿ.

ಮುಂದಿನ ತಿಂಗಳು ಚೀಲ ಬಂದವು. ಬಿಳಿ ಚೀಲ, ಮೇಲೆ ಸಂಘದ ಹೆಸರು ನೀಲಿ ಅಕ್ಷರದಲ್ಲಿ. ಅಕೆಲೊ ಬಂದಳು, ಬಗಲಲ್ಲಿ ಡಬ್ಬಿ ಇತ್ತು. ಹಂಚುವ ಹುಡುಗಿಯೊಬ್ಬಳು ನಗುತ್ತ, "ಡಬ್ಬಿ ಬೇಡಮ್ಮ, ಅದನ್ನು ನೀನೇ ಇಟ್ಟುಕೋ. ಈ ಚೀಲ ಒಯ್ಯಿ" ಅಂದಳು. ಅಕೆಲೊ ಚೀಲ ನೋಡಿದಳು, ಡಬ್ಬಿ ನೋಡಿದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಹೊರಟುಹೋದಳು. ಚೀಲ ಮುಟ್ಟಲಿಲ್ಲ. ಅದರ ಮುಂದಿನ ತಿಂಗಳು ಬರಲೇ ಇಲ್ಲ. ಅವಳೊಬ್ಬಳೇ ಅಲ್ಲ, ಇನ್ನೂ ಕೆಲವರು ಬರಲಿಲ್ಲ. ಬಂದವರು ಚೀಲ ಹಿಡಿದು, ಮರದ ಕೆಳಗೆ ಕೂಡದೆ, ತಲೆ ಬಗ್ಗಿಸಿ ನಡೆದರು. ಅಂಗಳ ಬೇಗ ಖಾಲಿಯಾಯಿತು. ಕೆಲಸ ಹಗುರಾಯಿತು ಎಂದು ಸಂಘದವರಿಗೆ ಸಂತೋಷ.

ಜ್ವರದ ನಿತ್ರಾಣ ಕಳೆದು ಅಂದೇ ಮತ್ತೆ ಅಂಗಳಕ್ಕೆ ಬಂದ ಮುದುಕಿ ಮರದ ಕೆಳಗೆ ಮೊರ ಹಿಡಿದುಕೊಂಡು ಒಬ್ಬಳೇ ಕೂತಿದ್ದಳು. ಮಗ ಬಂದಾಗ ಕೇಳಿದಳು: "ಆ ಜ್ವಾಳದಾಕಿ ಎಲ್ಲಿ?"

"ಬರಲಿಲ್ಲ ಯವ್ವಾ. ಬ್ಯಾಡಾಗಿರಬೇಕು."

"ಮೂರು ಹುಡುಗರನ್ನ ಕಟಗೊಂಡಾಕಿಗೆ ಹಿಟ್ಟ ಬ್ಯಾಡಾಗತೈತೇನು? ನೀ ಏನರ ಮಾಡಿದಿ?"

ಅವನು ಮೀನಿನ ಸಂಗತಿ, ಚೀಲದ ಸಂಗತಿ ಎಲ್ಲ ಹೇಳಿದ. ತಾಯಿ ಬೈಯಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, "ಕುಂದರು, ನಿನಗೊಂದ ಮಾತು ಹೇಳಿಲ್ಲ ನಾ" ಅಂದಳು.

"ನಾ ಆಗ ಏಳು ವರ್ಷದಾಕಿ. ನಮ್ಮಪ್ಪ ಹಾಸಿಗಿ ಹಿಡದಿದ್ದ. ಗೌಡರ ಮನಿಂದ ದಿನಾ ಒಂದು ತಂಬಗಿ ಮಜ್ಜಿಗಿ ತರತಿದ್ದೆ. ಅದನ್ನ ನುಚ್ಚಿಗೆ ಹಾಕ್ಕೊಂಡು ಐದು ಮಂದಿ ಉಣತಿದ್ವಿ. ಮರುದಿನ ತಂಬಗಿ ಒಯ್ಯುಮುಂದ ನಮ್ಮವ್ವ ಬರೇ ತಂಬಗಿ ಕೊಡತಿದ್ದಿಲ್ಲ. ಎರಡು ಮೆಣಸಿನಕಾಯಿ, ಇಲ್ಲಾ ನಾಕು ಹುಣಸಿ ಚಿಗುರು, ಏನರ ಹಾಕತಿದ್ಲು. ಒಂದ ದಿನ ಮನ್ಯಾಗ ಏನಂದ್ರ ಏನೂ ಇರಲಿಲ್ಲ. ಮಳ್ಯಾಗ ಹೋಗಿ ಬದುವಿನ ಮ್ಯಾಲಿನ ಪುಂಡಿಪಲ್ಲೆ ಸೊಪ್ಪು ಕಿತ್ತು, ತಂಬಗಿ ಬಾಯಾಗ ತುರುಕಿ ಕೊಟ್ಲು. ನನಗ ನಾಚಿಕಿ. ಗೌಡರ ಮನಿಗೆ ಪುಂಡಿಪಲ್ಲೆ ಏನ ಒಯ್ಯೂದು ಅಂತ. ಗೌಡಸಾನಿ ಹಿತ್ತಲ ಬಾಗಲಕ್ಕ ಬಂದು, ಆ ಪಲ್ಲೆ ಕೈಯಾಗ ಹಿಡದು ಏನಂದ್ಲು ಗೊತ್ತೇನು? 'ಛಲೋ ಆತ ನೋಡವಾ, ಇವತ್ತ ಪಲ್ಲೆಕ್ಕ ಏನ ಮಾಡಲಿ ಅಂತ ಕುಂತಿದ್ದೆ' ಅಂದ್ಲು. ಅಕಿ ಹಿಂದ ಹಿತ್ತಲ ಕಾಣತಿತ್ತು. ಹಿತ್ತಲ ತುಂಬ ಪುಂಡಿಪಲ್ಲೆ, ನನ್ನ ಎದಿಮಟ ಬೆಳದಿತ್ತು."

ಮಗ ಅಂದ: "ಅಂದ್ರ ಸುಳ್ಳ ಹೇಳಿದ್ಲು."

"ಹೂಂ, ಸುಳ್ಳ ಹೇಳಿದ್ಲು. ನಾ ಮನಿಗೆ ಬಂದು ನಮ್ಮವ್ವಗ ಅಕಿ ಅಂದದ್ದಷ್ಟ ಹೇಳಿದೆ, ಹಿತ್ತಲ ಮಾತು ಹೇಳಲಿಲ್ಲ. ನಮ್ಮವ್ವ ಅವತ್ತ ನಕ್ಕಳು. ಆ ಮಳಿಗಾಲ ಪೂರ್ತಿ ನಾವು ಮಜ್ಜಿಗಿ ಉಂಡ್ವಿ. ಗೌಡಸಾನಿ ಆ ಪಲ್ಲೆ ಬ್ಯಾಡ ಅಂದಿದ್ರ ನಮ್ಮವ್ವ ಮರುದಿನ ನನ್ನ ಮಜ್ಜಿಗಿಗೆ ಕಳಸತಿದ್ದಿಲ್ಲ. ನಮ್ಮಪ್ಪ ಉಳೀತಿದ್ದಿಲ್ಲ. ನೀನೂ ಇರತಿದ್ದಿಲ್ಲ, ನಿನ್ನ ಗಿರಣಿನೂ ಇರತಿದ್ದಿಲ್ಲ."

ಮರುದಿನ ಮುಂಜಾನೆ ಮುದುಕಿ ತಾನೇ ಒಂದು ಡಬ್ಬಿಗೆ ಹಿಟ್ಟು ತುಂಬಿ ಕಾರಿನಲ್ಲಿ ಕೂತಳು. ಮಗ ದಾರಿ ಕೇಳುತ್ತ ಕೇಳುತ್ತ ಅಕೆಲೊಳ ಮನೆಗೆ ಹೋದ. ಮಣ್ಣಿನ ಗೋಡೆ, ಮೇಲೆ ತಗಡು. ಒಲೆ ತಣ್ಣಗಿತ್ತು. ಮೂರು ಮಕ್ಕಳು ನೆರಳಲ್ಲಿ ಸುಮ್ಮನೆ ಕೂತಿದ್ದವು. ಮಕ್ಕಳು ಸುಮ್ಮನೆ ಕೂತಿವೆ ಎಂದರೆ ಏನರ್ಥ ಎಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಅಕೆಲೊ ಮುದುಕಿಗೆ ಸ್ಟೂಲು ತಂದಿಟ್ಟಳು. ಸಾಹುಕಾರ ಡಬ್ಬಿ ಮುಂದೆ ಮಾಡಿದ. ಇಷ್ಟು ವರ್ಷದಲ್ಲಿ ಅವನಿಗೆ ಅಲ್ಲಿಯ ಮಾತು ಚೆನ್ನಾಗಿ ಬರುತ್ತಿತ್ತು. ಅವರಿಬ್ಬರೂ ಆಡಿದ್ದು ಅವರ ಭಾಷೆಯಲ್ಲಿ, ನಾನು ನಮ್ಮ ಮಾತಲ್ಲಿ ಹೇಳುತ್ತೇನೆ.

"ಡಬ್ಬಿ ಬ್ಯಾಡ ಅಂದ್ರಲ್ಲಪಾ ನಿಮ್ಮವರು" ಅಂದಳು ಅಕೆಲೊ.

"ನಾನಾ ಹೇಳಿಸಿದ್ದು. ತಪ್ಪಾತು."

"ಡಬ್ಬಿ ಕೊಟ್ಟಾಗ ಮತ್ತ ಬಾ ಅಂದಂಗಿತ್ತು. ಚೀಲ ಕೊಟ್ರಿ. ನಾ ಏನು, ಭಿಕ್ಷಾಕ್ಕ ಬಂದಾಕಿ ಆಗಿಬಿಟ್ನೇನು ಅಂತ ಅನಸ್ತು."

ಅವಳು ಒಳಗೆ ಹೋಗಿ ಹಳೆಯ ಡಬ್ಬಿ ತಂದಳು. ಬೂದಿ ಹಚ್ಚಿ ಬೆಳಗಿದ್ದಳು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. "ಬರೇ ಇಟ್ಟಿಲ್ಲ. ಹಳೇದಾದದ್ದು ಹುಡುಗರಿಗೆ ಹಾಕೀನಿ, ಇದು ಮೊನ್ನಿದು" ಎಂದು ಮುಚ್ಚಳ ತೆಗೆದಳು. ಮೀನು.

ನೋಡಿ, ಈಗ ಅವನ ಸ್ಥಿತಿ ನೋಡಿ. ಮೂಗಿಗೆ ವಾಸನೆ. ಮನೆಯಲ್ಲಿ ಹುಣಸೆಹಣ್ಣು ಹಿಡಿದ ಹೆಂಡತಿ. ಪಕ್ಕದಲ್ಲಿ ತಾಯಿ, ಅವನ ಮುಖವನ್ನೇ ನೋಡುತ್ತಿದ್ದಾಳೆ. ಅವನು ಬೇಡ ಎಂದರೆ ಆ ಒಲೆ ಇವತ್ತೂ ತಣ್ಣಗೇ.

ಸಾಹುಕಾರ ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡ. "ಛಲೋ ಆತು" ಅಂದ. "ಇವತ್ತ ನಮ್ಮ ಗಿರಣಿಯವರ ಊಟಕ್ಕ ಮೀನಾ ಇರಲಿಲ್ಲ."

ಅಕೆಲೊ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈ ದಂಡಿ ಮ್ಯಾಲ? ಗಿರಣಿಯವರಿಗೆ ಮೀನಿಲ್ಲ?"

"ಇಲ್ಲ."

"ಒಂದೂ ಇಲ್ಲ?"

"ಒಂದೂ ಇಲ್ಲ."

ಅವಳು ಸೆರಗಿನಂಥ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮಾತು ತಿಳಿಯದಿದ್ದರೂ ಮುದುಕಿಯೂ ನಕ್ಕಳು, ಏನು ನಡೆಯಿತೆಂದು ಅವಳಿಗೆ ತಿಳಿಯದೇ ಇರುತ್ತದೆಯೇ? "ಹಂಗಾದ್ರ ಮುಂದಿನ ತಿಂಗಳೂ ತರತೀನಿ" ಎಂದು ಅಕೆಲೊ ಹಿಟ್ಟಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ತಗಡಿನ ಸಂದಿಯಿಂದ ಹೊಗೆ ಬಂತು.

ಸಾಹುಕಾರ ಕಾರಿನ ಕಿಟಕಿ ಎಲ್ಲ ಇಳಿಸಿ, ಮೀನಿನ ಡಬ್ಬಿಯನ್ನು ಗಿರಣಿಗೆ ಒಯ್ದು ಕೆಲಸಗಾರರ ಅಡುಗೆಯವನ ಕೈಗೆ ಕೊಟ್ಟ. ಅವರು ಸಂತೋಷದಿಂದ ಉಂಡರು. ಮುಂದಿನ ತಿಂಗಳಿಂದ ಮತ್ತೆ ಡಬ್ಬಿ. ಅವನ ಹೆಂಡತಿ ಒಂದೇ ಮಾತು ಅಂದಳು: "ಮೀನಿನ ಡಬ್ಬಿಗೆ ಕೆಂಪ ದಾರ ಕಟ್ಟಾಕ ಹೇಳ್ರಿ, ಅವನ್ನ ನಾ ತೆಗಿಯೂದಿಲ್ಲ." ಅಷ್ಟೇ. ಅದೂ ಸರಿಯೇ.

ಕತೆ ಮುಗಿಯಿತು. ಆಫ್ರಿಕಾ ದೂರ ಇದೆ, ನಮ್ಮ ಓಣಿ ದೂರ ಇಲ್ಲ.

ನೆನಪಿದೆಯೇ ನಿಮಗೆ? ನಮ್ಮ ಅವ್ವಂದಿರು ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರು. ಯಾಕೆ? ಪಾತ್ರೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ನಮ್ಮ ಬಟ್ಟಲು ಬಡಿಗೇರ ಮನೆಯಲ್ಲಿ, ಅವರ ಡಬ್ಬಿ ಸಾಬರ ಮನೆಯಲ್ಲಿ, ಅವರ ತಟ್ಟೆ ನಮ್ಮ ಮಾಡದಲ್ಲಿ. ಹೋದದ್ದು ಸಾರು, ಬಂದದ್ದು ಬೆಲ್ಲದ ಉಂಡೆ. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಡುಗೆಮನೆಯಲ್ಲಿ ಹುಡುಕಿ. ಬೇರೆ ಮನೆಯ ಹೆಸರಿರುವ ಒಂದು ಪಾತ್ರೆ ಇದೆಯೇ? ಒಂದಾದರೂ?

ಹಿಂದಿನ ಕೋಣೆಯಲ್ಲಿ ನೀವು ಕಟ್ಟಿಟ್ಟ ಪಾಕೀಟುಗಳನ್ನು ನೋಡಿ ಬಂದೆ. ನಾಳೆ ಹಳ್ಳದ ಆಚೆಯ ಗುಡಿಸಲುಗಳಿಗೆ ಹಂಚುತ್ತೀರಿ. ಅಕ್ಕಿ ಇದೆ, ಬೇಳೆ ಇದೆ, ಪ್ಲಾಸ್ಟಿಕ್ ಮೇಲೆ ನಿಮ್ಮ ಹೆಸರೂ ಇದೆ. ಒಳ್ಳೆಯ ಕೆಲಸ, ಬೇಡ ಎನ್ನುವುದಿಲ್ಲ. ಒಂದು ಮಾತು ನಡೆಸಿಕೊಡಿ. ನಾಳೆ ಬರುವಾಗ ಮನೆಗೊಂದು ಮುಚ್ಚಳದ ಡಬ್ಬಿ ತನ್ನಿ. ಪಾಕೀಟು ಒಡೆದು ಡಬ್ಬಿಗೆ ತುಂಬಿ ಕೊಡಿ. ಡಬ್ಬಿ ಯಾವಾಗ ಇಸಿದುಕೊಳ್ಳಲು ಬರಲಿ ಎಂದು ಕೇಳಿ ಬನ್ನಿ.

ಇನ್ನು ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವ ತಾಯಿ ಹಬ್ಬದ ದಿನ ಎಲೆಯಲ್ಲಿ ಕಟ್ಟಿ ಎರಡು ಹೋಳಿಗೆ ತರುತ್ತಾಳೆ. ನೀವು ನಗುತ್ತ ತೆಗೆದುಕೊಳ್ಳುತ್ತೀರಿ. ಅವಳು ಓಣಿ ತಿರುಗಿದ ಮೇಲೆ ಆಕಳಿಗೆ ಹಾಕುತ್ತೀರಿ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ, ಆಕಳ ಮುಂದೆ ಅದೇ ಎಲೆ ಬಿದ್ದಿರುತ್ತದೆ, ಅವಳೂ ಮರುದಿನ ಅದೇ ದಾರಿಯಲ್ಲಿ ಬರುತ್ತಾಳೆ. ಇನ್ನು ಮೇಲೆ ಅವಳ ಎದುರಿಗೇ ಬಿಚ್ಚಿ. ತಿನ್ನುವಂಥದ್ದಾದರೆ ಅವಳ ಎದುರಿಗೇ ತಿನ್ನಿ. ನಿಮಗೆ ನಡೆಯದಿದ್ದರೆ ತಿನ್ನುವವರಿಗೆ ಮುಟ್ಟಿಸಿ, ಎರಡೂ ಕೈಯಿಂದ ತೆಗೆದುಕೊಂಡು ಮುಟ್ಟಿಸಿ.

ಮಠದಲ್ಲಿ ಕೂತು ಸುಳ್ಳು ಹೇಳಿಕೊಡುತ್ತಾನೆ ಎಂದು ಬೇಕಾದರೆ ಆಡಿಕೊಳ್ಳಿ. ಆದರೂ ಹೇಳುತ್ತೇನೆ. ಡಬ್ಬಿ ತಿರುಗಿ ಬಂದಾಗ, ಒಳಗೆ ಏನೇ ಇರಲಿ, "ಛಲೋ ಆತವಾ, ಇವತ್ತ ಇದಾ ಇರಲಿಲ್ಲ ನಮ್ಮ ಮನ್ಯಾಗ" ಅನ್ನಿ. ನಿಮ್ಮ ಹಿತ್ತಲಲ್ಲಿ ಪುಂಡಿಪಲ್ಲೆ ಎದೆಮಟ್ಟ ಬೆಳೆದಿದ್ದರೂ ಅನ್ನಿ.