ಕಾಜೂವಾಡೊಕ್ಕ ಹೋತು

ಸಣ್ಣ ಸುದ್ದಿ ಅಲ್ಲದು, ದುರ್ಗಕ್ಕ. ಹ್ವಾದ ದೀಪಾವಳ್ಯಾಗ ಪರ್ವರಿಯೊಳಗ ನಾ ಕೆಲಸಕ್ಕ ಹೋಗೂ ಸಾಹೇಬರ ಮನ್ಯಾಗ ಒಂದು ಚಮಚಾ ಕಳೀತು. ಆರು ಚಮಚಾದ ಸೆಟ್ಟು, ಹಿಡಿಕಿ ಮ್ಯಾಲ ಗುಲಾಬಿ. ಸಾಹೇಬರು ಊಟಾ ಬಿಟ್ಟು ಎದ್ರು. ಮೇಡಂಗ ತಲಿನೋವು ಬಂತು. ಯಾಕ ನಗ್ತಿ? ನಿನ್ನ ಮಗಳು ಚಾಂದಿನ್ನ ಆ ಮನಿ ಕೆಲಸದಿಂದ ಬಿಡಿಸಿದ್ದು ಅದಕ್ಕ. ಆಕಿ ಹೇಳಿಲ್ಲೇನು?

ಕದ್ದಿ ಅಂತ ಯಾರೂ ಅನ್ನಲಿಲ್ಲ. ಮೇಡಂ ಇಷ್ಟ ಕೇಳಿದ್ರು, ಎಲ್ಲಿರ್ತಿ? ನಮ್ಮ ಈ ಕೂಲಿಮಂದಿ ಓಣಿ ಹೆಸರ, ಕಾಜೂವಾಡೊ ಅಂದಳು, ಹುಚ್ಚಿ. ಹಂಗಾರ ಚಮಚಾನೂ ಕಾಜೂವಾಡೊಕ್ಕ ಹೋತು ಅಂದ್ರು. ಮುಗೀತು.

ನಾನೇನ ಹೇಳೇನಿ ಅಂತಿಯೇನ? ನಾನೂ ನಿನ್ನ ಬಾಜೂ ಮನಿಯಾಕಿ, ಖರೇ. ಮೇಡಂಗ ಮಾತ್ರ ಸಾಂಖಳಿ ಊರಾಕಿ ಅಂತ ಸುಳ್ಳ ಹೇಳೇನಿ. ಹೊಟ್ಟಿಪಾಡು...

ಈಗ ಆ ಕಡೆ ಏನ ಕಳದ್ರೂ ಕಾಜೂವಾಡೊ. ಹುಡುಗರ ಚೆಂಡು ಗಟಾರಕ್ಕ ಬಿದ್ರ ಕಾಜೂವಾಡೊ. ಕರೆಂಟ್ ಹೋದ್ರ ಕಾಜೂವಾಡೊ. ಸಾಹೇಬರ ತಲಿಗೂದಲಾ ಎಲ್ಲಿ ಹೋದುವು ಅಂದ್ರ... ಅವರು ತಾವ ಹೇಳಿ ನಗ್ತಾರ. ಮಾಂಡವಿ ಹೊಳಿ ಪುಲ್ ಬಿದ್ದಾಗಿಂದ ಮಂದಿಗೆ ಪಣಜಿಗೆ ದಾಟೂದು ಭಾಳ ತ್ರಾಸ. ಆ ಮಾತು ಮಾತ್ರ ಫೆರಿಬೋಟಿನ್ಯಾಗ ಆರಾಮ ದಾಟಿತು. ಮೊನ್ನಿ ಪಣಜಿ ಮಾರ್ಕೆಟ್ಟಿನ್ಯಾಗ ಬೆಕ್ಕು ಬಾಂಗಡೆ ಒಯ್ದರ, ಮೀನ ಮಾರಾಕಿ ಕಾಜೂವಾಡೊ ಅಂದಳು. ಪಾಪ, ಆಕಿ ನಮ್ಮ ವಾಡೊ ಕಣ್ಣೀಲೆ ಕಂಡಿಲ್ಲ.

ಹೂಂ, ನಾನೂ ನಕ್ಕೆ. ನಗದಿದ್ರ ಅನುಮಾನ ಬರ್ತಿತ್ತು.

ಚಾ ಆರಾಕತ್ತೇತಿ, ಕುಡಿ. ಸಕ್ಕರಿ ತಳದಾಗ ಕುಂತೈತಿ, ಆ ಡಬ್ಬ್ಯಾಗ ಚಮಚಾ ಅದಾವ ನೋಡು. ಹೌದು, ಅವ ಗುಲಾಬಿವು. ಸೆಟ್ಟು ಕೆಟ್ಟಿತಂತ ಮೇಡಂ ಹೊಸಾವು ತಂದ್ರು, ಉಳದ ಐದೂ ನನಗ ಕೊಟ್ರು. ಹಂಗ್ಯಾಕ ನೋಡ್ತಿ?

ಚಾಂದಿನ್ನ ತಿರುಗಿ ಇಟ್ಕೊಳ್ರಿ ಅಂತ ಮೇಡಂಗ ಒಂದು ಮಾತು ಹೇಳು ಅಂತೀ. ಹೇಳಬೌದು... ಆದ್ರ... ದುರ್ಗಕ್ಕ, ಒಂದೊಂದ ತಗದು ನೆಲಕ್ಕ ಯಾಕ ಇಡಾಕತ್ತಿ? ಐದು ಅಂದೆನಲ್ಲ.

ಎಣಿಸಬ್ಯಾಡ.

ಹೂಂ, ಆರು ಅದಾವ. ಬೈಯರ ಬೈ.

ಆ ದೀಪಾವಳ್ಯಾಗ ಉಳದ ಪಲಾವ್ ಡಬ್ಬ್ಯಾಗ ಹಾಕಿ ಕೊಟ್ಟಿದ್ರು. ಚಮಚಾ ಅದರಾಗ ಮೇಡಂ ತಾವ ಬಿಟ್ಟಿದ್ರು. ನಮ್ಮ ಮನ್ಯಾಗ ಡಬ್ಬಿ ಬೋರಲ ಮಾಡಿದೆ, ಖಣ್ ಅಂತು. ಮರುದಿನಾ ಸೆರಗಿನ್ಯಾಗ ಕಟ್ಕೊಂಡು ವಾಪಸ್ ಒಯ್ದಿದ್ದೆ, ಖರೇನ. ಮೇಡಂ ಬಾಗಲದಾಗ ಚಾಂದಿ, ಕೆಲಸಾ ಬಿಡಿಸಿದ್ರು ಅಂತ ಅಳಕೋತ ಎದುರ ಬಂದಳು. ಆಗ ಸೆರಗ ಬಿಚ್ಚಿದ್ರ... ನೀ ಎಲ್ಲಿಯಾಕಿ ಅಂತ ನನ್ನನ್ನೂ ಕೇಳ್ತಿದ್ರು.

ಚಾಂದಿ ಜಾಗಾಕ್ಕ ಬ್ಯಾರೆಯಾಕಿನ್ನ ಇಟ್ಕೊಂಡಾರ. ಆಕಿ ಖರೇನ ಸಾಂಖಳಿಯಾಕಿ, ನನ್ನಂಗಲ್ಲ.