ನಾಳಿನ ಎರಡನೇ ಪ್ರಶ್ನೆ

…ಇಲ್ಲ ಇಲ್ಲ, ಕೈ ನಿಲ್ಲಸಬ್ಯಾಡ, ರೊಟ್ಟಿ ಬಡೀತ ಬಡೀತನ ಕೇಳು. ಕಿವಿಗೇನು ಹಿಟ್ಟು ಹತ್ತೂದಿಲ್ಲಲ್ಲ! ನಾ ಹೇಳೂದು ಇಷ್ಟ, ಅಂಬಕ್ಕಾ. ನಾಳೆ ಮುಂಜಾನೆ ಹನ್ನೊಂದಕ್ಕ ನಮ್ಮ ಆಮದಾರ, ಅದಾನಲ್ಲ ಅಣವೀರಪ್ಪ ಸಾಹೇಬ, ವಿಧಾನಸಭಾದಾಗ ಎದ್ದು ನಿಂತು ತನ್ನ ಮಾನ ತಾನೇ ಕಳಕೋತಾನ. ತನ್ನ ಬಾಯಿಲೇ! ನಾ ಬರದುಕೊಟ್ಟಿದ್ದು ಓದಿ!

ಯಾಕ ನಗತಿ? ಗುರುಪಾದಗ ತಲಿ ಕೆಟ್ಟದ ಅಂತೀಯೇನು? ಹೂಂ, ಕೆಟ್ಟದ. ಎರಡ ತಿಂಗಳದಿಂದ ಕೆಟ್ಟದ.

ಇನ್ನೊಂದ ರೊಟ್ಟಿ ಹಾಕು. ಶೇಂಗಾ ಹಿಂಡಿ ಉಳದದ ಏನು? ಹಾಂ, ಸಾಕು ಸಾಕು. ಈ ಮಾಟುಂಗಾದಾಗ ಓಣಿಗೊಂದು ಉಡುಪಿ ಹೊಟೆಲ್ ಅದಾವು, ಆದ್ರ ನಮ್ಮಂಥವರ ಹೊಟ್ಟಿ ತುಂಬೂದು ಈ ಖಾನಾವಳ್ಯಾಗ. ನಿನ್ನ ಕೈ ರೊಟ್ಟಿ ಸಲುವಾಗಿನ ಬಂದೆ ಅನ್ಕೋ. ಏನ್ ಮಹಾ ದೂರ, ವಡಾಲಾದಾಗ ಲೋಕಲ್ ಹತ್ತಿದ್ರ ಒಂದ ಸ್ಟೇಷನ್, ಕಿಂಗ್ ಸರ್ಕಲ್… ಆಂ? ಕಲ್ಯಾಣ. ಮನಿ ಕಲ್ಯಾಣದಾಗೇ ಅದ, ಎಲ್ಲಿ ಹೋಗ್ತದ? ಇವತ್ತ ವಡಾಲಾದಾಗ ಆಫೀಸಿಂದು ಒಂದ ಕೆಲಸ ಇತ್ತು, ಅಲ್ಲಿಂದ ಹತ್ತಿದೆ ಅಂದೆ. ಬಿಡು ಅದನ್ನ.

ಎರಡ ತಿಂಗಳ ಹಿಂದಿನ ಒಂದ ಐತವಾರದ ಮಾತು ಕೇಳು. ಇಲ್ಲೇ ಕನ್ನಡ ಸಂಘದವರು ಸಾಹೇಬಂದು ಸತ್ಕಾರ ಇಟ್ಟಿದ್ರು. ಯಾವುದೋ ಪೇಪರಿನವರು ಬರದಾರಂತ, ಎಲ್ಲಾ ಆಮದಾರರೊಳಗ ಭಾಳ ಪ್ರಶ್ನಿ ಕೇಳಿದಾಂವ ಯಾರು ಅಂತ. ಯಾರು? ಒಬ್ಬನೇ ಆಮದಾರ ಇರೋ ಪಕ್ಷದ ನಮ್ಮ ಅಣವೀರಪ್ಪ! ಈ ಒಂದ ಅವಧ್ಯಾಗ ಆರುನೂರಾ ನಾಕು ಪ್ರಶ್ನಿ!

ಒಬ್ಬನೇ ಅಂದ್ರ ತಿಳೀತಲ್ಲ? ಅವನೇ ಗುಂಪು, ಅವನೇ ಗುಂಪಿನ ಮುಖಂಡ. ಪಕ್ಷದ ಮೀಟಿಂಗ್ ಅಂದ್ರ ಅಂವ ಕನ್ನಡಿ ಮುಂದ ನಿಲ್ಲಬೇಕು. ಕಟ್ಟಕಡೀ ಸಾಲಿನಾಗ, ಬಾಗಲದ ಹಂತೇಲಿ ಖುರ್ಚಿ. ಭಾಷಣಕ್ಕ ಎರಡ ಮಿನಿಟ, ಅದೂ ಎಲ್ಲಾರೂ ಊಟಕ್ಕ ಎದ್ದು ಹೋದಮ್ಯಾಲ. ಖಾಲಿ ಬೆಂಚಿಗೆ ಭಾಷಣ! ಆದ್ರ ಪ್ರಶ್ನಿ ಹಂಗಲ್ಲ ಅಕ್ಕಾ. ಯಾರ ಪ್ರಶ್ನಿ ಮೊದಲ ಬರಬೇಕು ಅಂತ ಚೀಟಿ ಎತ್ತತಾರ. ಚೀಟಿಗೆ ದೊಡ್ಡ ಪಕ್ಷ ಸಣ್ಣ ಪಕ್ಷ ಗೊತ್ತಾಗಂಗಿಲ್ಲ. ಇದನ್ನ ಯಾರು ಹಿಡದ್ರು? ನಾನು. ಹತ್ತೊಂಬತ್ತ ವರ್ಷ, ಬೈಕುಲ್ಲಾದ ಆ ಆಫೀಸಿನ ಅಟ್ಟದ ಮ್ಯಾಲ ಕುಂತು, ಒಂದೊಂದ ಪ್ರಶ್ನಿ, ಮರಾಠಿಯೊಳಗ, ಈ ಕೈಲೆ ಬರದೀನಿ. ಟೈಪ್ ಅಲ್ಲ, ಕೈಲೆ! ಆರುನೂರಾ ನಾಕೂ!

ಸತ್ಕಾರದಾಗ ಡ್ರೈವರಗ ಶಾಲು ಹೊದಿಸಿದ. ಮೈಕಿನಾಂವಗ ಹೊದಿಸಿದ. ನಾ ಹಿಂದಿನ ಸಾಲಿನಾಗ ಕುಂತೀನಿ, ಹೊಸಾ ಅಂಗಿ ತೊಟ್ಕೊಂಡು, ಹೆಸರ ಕರದಾರು ಕರದಾರು ಅಂತ. ಕರೀಲಿಲ್ಲ. ಆಮ್ಯಾಲ ಚಹಾ ಕುಡಿವಾಗ ಧಾರವಾಡದಿಂದ ಬಂದಿದ್ದ ದೊಡ್ಡ ಅತಿಥಿ ನನ್ನ ನೋಡಿ 'ಇವರ್ಯಾರು?' ಅಂತ ಕೇಳಿದ್ರು. ಏನಂದ ಗೊತ್ತೇನು ಸಾಹೇಬ? ನಿನ್ನ ಮುಂದ ಹೇಳಾಕೂ ನಾಚಿಕಿ ಬರ್ತದ. 'ಇಂವ ನಮ್ಮಲ್ಲೆ ಝೆರಾಕ್ಸ್ ಮಾಡಸಾಂವ' ಅಂದ.

ಝೆರಾಕ್ಸ್!

ನಗು, ನಗು. ಎಲ್ಲಾರೂ ನಕ್ಕರು, ನೀ ಒಬ್ಬಾಕಿ ಯಾಕ ಬಿಡ್ತಿ. ಮರುದಿನ ಕರದು ಮತ್ತ ಅಂದ, 'ಗುರುಪಾದ, ಈ ಬರೂ ಅಧಿವೇಶನ ಮುಗಿಸಿ ನೀ ಆರಾಮ ಮಾಡು, ಮುಂದ ಮಾಧುರಿ ನೋಡ್ಕೋತಾಳ.' ಯಾರು ಮಾಧುರಿ? ಲ್ಯಾಪಟಾಪ್ ಹಿಡಕೊಂಡು ಬಂದ ಹುಡುಗಿ. ಮಷೀನಿಗೆ ಹೇಳಿದ್ರ ಮಷೀನ ಪ್ರಶ್ನಿ ಬರೀತದಂತ! ಆಕೀ ಮ್ಯಾಲ ನನಗ ಸಿಟ್ಟಿಲ್ಲ. ಅಂವನ ಮ್ಯಾಲ ಅದ. ಎರಡ ತಿಂಗಳದಿಂದ ಅನ್ನಾ ನೀರು ರುಚಿ ಹತ್ತವಲ್ದು ಅಕ್ಕಾ… ಹೌದು, ನಾಕನೇ ರೊಟ್ಟಿ. ನೀ ಎಣಿಸಬ್ಯಾಡ.

ಈಗ ನನ್ನ ಕೆಲಸ ನೋಡು. ಸಾಹೇಬಂದು ಒಂದ ಪದ್ಧತಿ ಅದ. ಅಧಿವೇಶನಕ್ಕ ತಿಂಗಳ ಮೊದಲ ನೂರ ಖಾಲಿ ಕಾಗದ ಒಯ್ದು ಕೊಡ್ತೀನಿ. ಗಾಡಿ ಬಾನೆಟ್ ಮ್ಯಾಲ ಇಟ್ಕೊಂಡು, ಕಿವಿಗೆ ಫೋನ್ ಹಚ್ಚಿ, ನೂರಕ್ಕೂ ಸಹಿ ಜಗ್ಗತಾನ. ಖಾಲಿ ಕಾಗದಕ್ಕ! ಮ್ಯಾಲ ಏನು ಬರೀಬೇಕು ಅದು ಗುರುಪಾದನ ಕೆಲಸ. ಹತ್ತೊಂಬತ್ತ ವರ್ಷದಾಗ ಒಂದರ ಕಾಗದ ಓದ್ಯಾನೇನು? ಒಂದೂ ಇಲ್ಲ! ಸಭಾದಾಗ ನಾ ಕಿಸೇದಾಗ ಇಟ್ಟ ಚೀಟಿ ತಗದು ಅಲ್ಲೇ ಮೊದಲನೇ ಸರ್ತಿ ಓದತಾನ. ಕೇಳಾವರಿಗೂ ಹೊಸಾದು, ಅವಂಗೂ ಹೊಸಾದು!

ಆ ಖಾಲಿ ಕಾಗದದಾಗ ಒಂದಕ್ಕ ಈ ಸರ್ತಿ ಏನ್ ಬರದೀನಿ ಗೊತ್ತದ ಏನು? ನಿನ್ನ ಪ್ರಶ್ನಿ.

ಹೂಂ. ನಿನ್ನ ಪ್ರಶ್ನಿ. ನಾಕ ವರ್ಷದ ಹಿಂದಿಂದು. ಅರ್ಜಿ ನಕಲು ಆಫೀಸಿನ ಮೂಲ್ಯಾಗ ಬಿದ್ದಿತ್ತು, ಹೊರಗ ತಗದೆ. ನಾಳೆ ಎರಡನೇ ನಂಬರ ಹತ್ಯದ. ಪ್ರಶ್ನಿ ಪಟ್ಟಿ ಚಾಪಾನೂ ಆಗ್ಯದ, ನೋಡು, ತಂದೀನಿ. ಸಾಹೇಬನ ಪ್ರತಿ ಅವಂಗ ಮುಟ್ಟಿಲ್ಲ, ಅದೂ ನನ್ನ ಚೀಲದಾಗ ಅದ! ಕೇಳು, ಕನ್ನಡದಾಗ ಹೇಳ್ತೀನಿ. 'ವಡಾಲಾದ ಚಾಳಿನ ಮೆಟ್ಟಿಲ ಕುಸಿದು ಶಿವಪುತ್ರಪ್ಪ ಎಂಬ ಕಾರ್ಮಿಕ ಸತ್ತದ್ದು ಖರೇ ಏನು? ಅದರ ಹಿಂದಿನ ತಿಂಗಳ ಆ ಮೆಟ್ಟಿಲ ದುರಸ್ತಿ ಆಗ್ಯದ ಅಂತ ಕಾಗದ ಆಗಿದ್ದು ಖರೇ ಏನು? ಖರೇ ಇದ್ದರ, ಕಂತ್ರಾಟದಾರನ ಮ್ಯಾಲ ಏನು ಕ್ರಮ ತಗೊಂಡ್ರಿ? ತಗೊಳ್ಳದಿದ್ದರ, ತಡಾ ಆಗಾಕ ಕಾರಣ ಏನು?'

ಅಳಬ್ಯಾಡ. ಹಿಟ್ಟಿನ ಕೈಲೆ ಕಣ್ಣ ಒರಸ್ಕೋಬ್ಯಾಡ, ಸೆರಗಿಲೆ ಒರಸ್ಕೋ.

ಮೆಟ್ಟಿಲಕ್ಕ ಬರೇ ಸುಣ್ಣಾ ಬಡದಿದ್ರು, ನೀನ ಕಣ್ಣಾರೆ ನೋಡೀದಿ. ಕಂತ್ರಾಟದಾರ ಯಾರು? ಸಾಹೇಬನ ಹೆಂಡತಿ ತಮ್ಮ. ಸತ್ತ ಮ್ಯಾಲ ಚಾಳ ಕೆಡವಿ ಅಲ್ಲೇ ಹದಿನಾಕ ಮಾಳಗಿ ಕಟ್ಟಿದಾಂವ ಯಾರು? ಅವನೇ. ಮಂತ್ರಿ ಉತ್ತರ ನನಗ ಗೊತ್ತದ. ಖರೇ ಅನ್ನಂಗಿಲ್ಲ, ಸುಳ್ಳು ಅನ್ನಂಗಿಲ್ಲ. 'ಅಂಶತಃ ಖರೇ' ಅಂತಾರ. ಎಲ್ಲಾ ಮಂತ್ರಿಗಳೂ ಇದೊಂದ ಮಾತು ಬಾಯಿಪಾಠ ಮಾಡ್ಯಾರ. ಅಲ್ಲ, ಒಬ್ಬ ಮನಷ್ಯಾ ಸತ್ತಾನ, ಅಂಶತಃ ಹ್ಯಾಂಗ ಸಾಯ್ತಾನ? ಅದಕ್ಕ ಉಪಪ್ರಶ್ನಿ ಚೀಟಿ ಬರದು ಇಟ್ಟೀನಿ. ಸಾಹೇಬ ಕಿಸೇದಿಂದ ತಗದು ದೊಡ್ಡ ದನೀಲೆ ಓದತಾನ: 'ಅಧ್ಯಕ್ಷ ಮಹಾರಾಜ, ಈ ಕಂತ್ರಾಟದಾರ ಈ ಸಭಾದ ಯಾವ ಸದಸ್ಯರ ಸಂಬಂಧಿಕ ಅನ್ನೂದನ್ನ ಮಂತ್ರಿಗಳು ಹೇಳಬೇಕು!' ಮಂತ್ರಿ ಕಚೇರಿಗೆ ಹೆಸರಿಲ್ಲದ ಒಂದು ಪತ್ರ ಮೊದಲ ಹೋಗ್ಯದ. ಮಂತ್ರಿ ಎದ್ದು ಏನಂತಾನ? 'ಮಾನ್ಯ ಸದಸ್ಯರೇ, ನಿಮ್ಮವನೇ' ಅಂತಾನ!

ಹಹ್ಹಾ! ನಿಮ್ಮವನೇ! ಆವಾಗ ಮಾರಿ ನೋಡಬೇಕು ಅವಂದು. ಆ ಮಾರಿ ಝೆರಾಕ್ಸ್ ತಗಿಸಿ ಗ್ವಾಡಿಗೆ ಹಚ್ಚತೀನಿ ನಾ. ಮಾಡಿದ್ದುಣ್ಣೋ ಮಹಾರಾಯ!

ಈಗ ನಿನ್ನ ಕೆಲಸ. ಗ್ಯಾಲರಿ ಪಾಸ್ ತಂದೀನಿ, ಇಕಾ. ಬ್ಯಾಡ ಅನಬ್ಯಾಡ. ನನಗ ನೆನಪದ, ಆ ಸರ್ತಿನೂ ಬಂದಿದ್ದಿ, ಇಲಕಲ್ ಸೀರಿ ಉಟ್ಟು, ಖಾನಾವಳಿ ಸುಟಿ ಮಾಡಿ. ಗಂಡನ ಹೆಸರ ಆ ದೊಡ್ಡ ಮನ್ಯಾಗ ಒಂದ ಸರ್ತಿ ಕೂಗಿದ್ರ ಸಾಕು ಅಂದಿದ್ದಿ. ನಿಂದು ಮೂರನೇ ಪ್ರಶ್ನಿ ಇತ್ತು. ಅಧ್ಯಕ್ಷರು ಎರಡ ಮುಗಿಸಿ 'ಮೂರನೇದು ವಾಪಸ್ ತಗೊಂಡಾರ' ಅಂದು ನಾಕಕ್ಕ ಹೋದ್ರು. ನೀ ಬಗ್ಗಿ ಬಗ್ಗಿ ನೋಡಾಕತ್ತಿದ್ದಿ, ಶಿಪಾಯಿ ಬಂದು ಸುಮ್ಕ ಕುಂಡ್ರು ಅಂದ. ನಾ ಮರೆತೀನಿ ಅನ್ಕೊಂಡೀಯೇನು?

ನಾಳೆ ಸಭಾ ಎದ್ದಮ್ಯಾಲ ಗೇಟಿನ ಮುಂದ ಟಿವಿಯವರು ಇರ್ತಾರ, ನಾನ ಹೇಳೀನಿ. ಮೈಕ್ ಹಿಡೀತಾರ. ನೀ ಅಂಜಬ್ಯಾಡ. ಹಿಂದಿ ಬ್ಯಾಡ, ಮರಾಠಿ ಬ್ಯಾಡ, ನಮ್ಮ ಭಾಷಾದಾಗನ ಹೇಳು. 'ನಾಕ ವರ್ಷದ ಹಿಂದ ನನ್ನ ಗಂಡನ ಪ್ರಶ್ನಿ ವಾಪಸ್ ತಗೊಂಡಾಂವ ಅಣವೀರಪ್ಪ. ತನ್ನ ಹೆಂಡತಿ ತಮ್ಮನ್ನ ಉಳಸಾಕ ತಗೊಂಡ.' ಇಷ್ಟ ಸಾಕು. ನಾ ಹೇಳಿದ್ರ ಕೆಲಸಾ ಕಳಕೊಂಡಾಂವ ಹೊಟ್ಟಿಕಿಚ್ಚಿಗೆ ಹೇಳ್ತಾನ ಅಂತಾರ. ನೀ ಹೇಳಿದ್ರ ಊರಿಗೇ ಊರೇ ನಂಬತದ. ಸತ್ತಾಂವನ ಹೆಂಡತಿ ನೀ.

ಪುರಾವೆ? ತಂದೀನಿ, ಅದನ್ನೂ ತಂದೀನಿ. ಗುರುಪಾದ ಪುರಾವೆ ಇಲ್ಲದ ಒಂದ ಅಕ್ಷರ ಮಾತಾಡೂದಿಲ್ಲ. ಇದ ನೋಡು, ವಾಪಸ್ ತಗೊಂಡ ಪತ್ರದ ನಕಲು. ಕಚೇರಿ ಫೈಲಿನಾಗಿಂದ ತಗದೀನಿ. ಕೆಳಗ ಸಹಿ ನೋಡು, ಸೊಂಡಿ ಎತ್ತಿದ ಆನಿ ಹಂಗ, ಅದು ಅವಂದು. ಓದಾಕ ಬರದಿದ್ರೇನು, ಸಹಿ ಗುರ್ತ ಸಿಗತದಲ್ಲ?

ಮತ್ತ ನಿನ್ನ ಅರ್ಜಿ ಎಲ್ಲದ? ಆವಾಗ ನಾ ಬರದುಕೊಟ್ಟದ್ದು. ಹಿಟ್ಟಿನ ಡಬ್ಬಿ ಮ್ಯಾಲ? ತಾ, ತಾ. ಎರಡೂ ಸಂಗಡ ಇಟ್ಟು ತೋರಸಬೇಕು. ಶಾಬಾಸ್, ಎಷ್ಟ ಜೋಪಾನ ಇಟ್ಟೀದಿ! ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ… ಇಕಾ, ಇದು ನಿನ್ನ ಗಂಡನ ಹೆಸರು. ಹೌದ, ಗೊತ್ತದಲ್ಲ ನಿನಗ ಇದರ ಆಕಾರ. ಕೆಳಗ ಎರಡ ಗೆರಿ ಎಳದೀನಿ ನೋಡು, ಒಂದು ದಪ್ಪಂದು, ಒಂದು ಸಣ್ಣದು. ಸತ್ತವರ ಹೆಸರ ಬಂದ್ರ ನಾ ಹಂಗ ಎಳಿಯಾಂವ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ರೂಢಿ. ಓದಾವರು ಅಲ್ಲೆರ ಒಂದು ಚಣಾ ನಿಲ್ಲಲಿ ಅಂತ.

ಏನು? ಸಹಿ ಕೆಳಗ ಅದ ಅಕ್ಕಾ. ಬೆರಳ ಯಾಕ ಮ್ಯಾಲ ಒಯ್ತಿ? ಈ ಪತ್ರದಾಗ ಸಹಿ ಅಷ್ಟ ನೋಡು ನೀ.

ಹೂಂ, ಇದರಾಗೂ ನಿನ್ನ ಗಂಡನ ಹೆಸರ ಅದ. ಇರಬೇಕಲ್ಲ, ಯಾವ ಪ್ರಶ್ನಿ ವಾಪಸ್ ತಗೋತೀವಿ ಅಂತ ಬರೀಬೇಕಲ್ಲ.

ಗೆರಿ… ಹೌದು, ಇಲ್ಲೂ ಎರಡ. ಗೆರಿ ಯಾರರೆ ಎಳೀತಾರ. ಗೆರೀಗೇನು.

ಯಾಕ ರೊಟ್ಟಿ ಬಡಿಯೂದು ನಿಲ್ಲಿಸಿದಿ? ಬಡಿ. ಸಪ್ಪಳ ನಿಂತ್ರ ಒಂಥರಾ ಆಗತದ. ಬಡಿ ಅಕ್ಕಾ.

ಅಲ್ಲ, ನನ್ನ ಕೈ ಬರಹ ಇದ್ರೇನಾತು? ಎಲ್ಲಾ ಪತ್ರಾ ನಾನ ಬರೀತಿದ್ದೆ, ಹೇಳಲಿಲ್ಲೇನು ಈಗರ? ಸಾಹೇಬ ಹೇಳಿದ, ನಾ ಬರದೆ. ಅಂವ ಹೇಳಿದ… ಹಂಗ ನೋಡಬ್ಯಾಡ. ಖಾಲಿ ಕಾಗದಕ್ಕ ಸಹಿ ಮಾಡ್ತಾನ ಅಂದೆ, ಖರೇ. ಓದಂಗಿಲ್ಲ ಅಂದೆ, ಅದೂ ಖರೇ. ಆದ್ರ ಇದೊಂದು ಅಂವ ಹೇಳಿ ಬರಿಸಿದ್ದು. ಇದೊಂದು.

ಹೊಗಿ ಬರಾಕತ್ತದ. ತವಾದ ಮ್ಯಾಲಿನ ರೊಟ್ಟಿ ಹೊತ್ತಾಕತ್ತದ, ಅಂಬಕ್ಕಾ, ತಗಿ.

ಏನರ ಅನ್ನು. ಬೈ. ಬೈದ್ರ ನಡೀತದ.

ಆತು, ಸಾಹೇಬಗ ಗೊತ್ತಿದ್ದಿಲ್ಲ. ಆಮ್ಯಾಲ ಕೇಳಿದ, 'ಆ ಮೂರನೇ ಪ್ರಶ್ನಿ ಏನಾತೋ?' ಅಂತ. ತಾಂತ್ರಿಕ ಅಡಚಣಿ ಅಂದೆ. ಹೂಂ ಅಂದ, ಅಲ್ಲಿಗೆ ಬಿಟ್ಟ. ಆದ್ರ ಪ್ರಶ್ನಿ ನಾ ಮನಸಿಟ್ಟ ಬರದಿದ್ದೆ ಅಕ್ಕಾ, ನಿನ್ನ ಆಣಿ, ಅಳಕೋತ ಬರದಿದ್ದೆ. ಚಾಪಾ ಆದಮ್ಯಾಲ ಸಾಹೇಬನ ಹೆಂಡತಿ ತಮ್ಮ ಬೈಕುಲ್ಲಾಕ್ಕ ಬಂದ. ಅಟ್ಟ ಹತ್ತಿ ಬಂದ, ನನ್ನ ಕಡಿ! ಹದಿನೈದ ವರ್ಷದಾಗ ಯಾರೂ ನನ್ನ ಹುಡಿಕ್ಕೊಂಡು ಆ ಅಟ್ಟ ಹತ್ತಿದ್ದಿಲ್ಲ. ಗುರುಪಾದಣ್ಣ ಅಂದ. ಕುಂತು ಚಹಾ ಕುಡದ. ನನ್ನ ಮನಿಯಾಕಿ ಕಸ್ತೂರಿಬಾಯಿ ಮೂರ ಮಕ್ಕಳನ್ನ ಕಟಗೊಂಡು ಕಲ್ಯಾಣದಾಗ ಒಂದ ಖೋಲ್ಯಾಗ… ನೀರಿಗೆ ನಸುಕಿನಾಗ ಏಳಾಕಿ…

ಏಳನೇ ಮಾಳಗ್ಯಾಗ ಒಂದ ಮನಿ ಕೊಟ್ಟ. ವಡಾಲಾದ ಆ ಹೊಸಾ ಬಿಲ್ಡಿಂಗಿನಾಗ. ಆಕೀ ಹೆಸರಿಲೆ.

ಮೆಟ್ಟಿಲ ಇದ್ದ ಜಾಗಾದಾಗ ಈಗ ಲಿಫ್ಟ್ ಅದ. ನಾ ಲಿಫ್ಟ್ ಹತ್ತೂದಿಲ್ಲ. ಹಿಂದಿನ ಮೆಟ್ಟಿಲಿಂದ ಏರತೀನಿ, ಏಳೂ ಮಾಳಗಿ, ದಿನಾ. ಇದನ್ನ ಯಾರಿಗೂ ಹೇಳಿಲ್ಲ.

ಆದ್ರ ಕಂತ್ರಾಟದಾರ ಅವನ ಮನಷ್ಯಾನೇ ಹೌದಲ್ಲ? ಓದಿದ್ದರ ಹಿಂಗ ಆಗತಿತ್ತೇನು? ಒಂದ ಸರ್ತಿ, ಒಂದ ಕಾಗದ ಓದಬಾರದಾಗಿತ್ತೇನು ಅಂವ? ನಾ ಹೇಳಿದ್ದೆಲ್ಲಾ ಸುಳ್ಳಲ್ಲ ಅಕ್ಕಾ. ಅಂಶತಃ… ಅಂಶತಃ ಖರೇ.

ಅಕ್ಕಾ?

ತಾಟ ಯಾಕ ತಗೀತಿ? ನಾ ಇನ್ನಾ ಉಣ್ಣಾಕತ್ತೀನಿ… ಕೈ ತೊಳದಿಲ್ಲ ನಾ. ಉಣ್ಣಾವನ ಮುಂದಿನ ತಾಟ ಎತ್ತತಾರೇನು ಯಾರರೆ? ನಮ್ಮ ಕಡಿ ವೈರಿ ಮುಂದಿಂದೂ ಎತ್ತಂಗಿಲ್ಲಲ್ಲ…

ಆ ಪತ್ರ ಕೊಡು. ಅರ್ಜಿ ಇಟ್ಕೋ, ಅದು ನಿಂದು. ಪತ್ರ ನನಗ ಕೊಡು. ಯಾಕ ಎರಡನ್ನೂ ಕೂಡಿಸಿ ಮಡಚತಿ?

ಪಾಸ್ ಇಟ್ಕೊಂಡಿ. ನಾಳೆ ಬರಾಕಿ ಅಂದಂಗಾತು. ಬಾ. ಬಾ, ಖರೇ… ಅಂಬಕ್ಕಾ, ಇತ್ತಾಗ ನೋಡು. ಗೇಟಿನ ಮುಂದ ಮೈಕ್ ಹಿಡೀತಾರ. ಯಾರು ವಾಪಸ್ ತಗೊಂಡ್ರು ಅಂತ ಕೇಳ್ತಾರ.

ಯಾರ ಹೆಸರ ಹೇಳ್ತಿ?